ಚಳಿನಾಡಿನ ಸೌದೆ ಗೋಡೆಯ ಮನೆಗಳು

ಕೆನಡಾದ ಮ್ಯಾನಿಟೋಬ ಪ್ರಾಂತ್ಯದಲ್ಲಿಯೂ ಅಮೆರಿಕದ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳ ಉತ್ತರ ಭಾಗಗಳಲ್ಲಿಯೂ ಚಳಿಗಾಲ ಬಹು ಕಠಿಣ. ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುವುದೂ ಉಂಟು. ಇಂತಹ ಕಡೆ ಮನೆಯ ಗೋಡೆ ಶಾಖವನ್ನು ಹಿಡಿದಿಡದಿದ್ದರೆ, ಒಲೆಗೆ ಎಷ್ಟು ಸೌದೆ ಒಟ್ಟಿದರೂ ಸಾಲದು. ಅದೇ ಸೌದೆಯಿಂದ ಬೆಚ್ಚನೆಯ ಗೋಡೆಯನ್ನೇ ಕಟ್ಟುವ ಪದ್ಧತಿಯೊಂದು ಅಲ್ಲಿ ಬಳಕೆಯಲ್ಲಿದೆ. ಇದಕ್ಕೆ ಕಾರ್ಡ್‌ವುಡ್ ಪದ್ಧತಿ ಎಂದು ಹೆಸರು. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಸೌದೆಯ ಒಟ್ಟಿಲಿಗೆ ಅಲ್ಲಿ ಒಂದು 'ಕಾರ್ಡ್' ಎನ್ನುತ್ತಾರೆ.

ಈ ಪದ್ಧತಿ ಹೊಸದೇನಲ್ಲ. ಪೋಲೆಂಡಿನಿಂದ ವಲಸೆ ಬಂದವರು 1884ರಲ್ಲಿ ಕಟ್ಟಿದ ಇಂತಹ ಮನೆಯೊಂದನ್ನು ವಿಸ್ಕಾನ್ಸಿನ್‌ನ ಬಯಲು ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. 1977ರಲ್ಲಿ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಸಮಿತಿಯೊಂದು ಈ ಬಗ್ಗೆ ಕೈಪಿಡಿಯನ್ನು ಹೊರತಂದಿತು. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಷೇಜಿ ಎಂಬಲ್ಲಿ ರಾಬ್ ರಾಯ್ ಅವರು 1981ರಲ್ಲಿ ಕಟ್ಟಲಾರಂಭಿಸಿದ ದುಂಡು ಮನೆಯ ಸೌದೆ ಗೋಡೆ 16 ಅಂಗುಲ, ಎಂದರೆ ಸುಮಾರು 40 ಸೆಂ.ಮೀ. ದಪ್ಪವಿದೆ.

ಗೋಡೆಯ ರಚನೆ

ಇಲ್ಲಿ ಕೊರಡುಗಳನ್ನು ಗೋಡೆಯ ಉದ್ದಕ್ಕೆ ಮಲಗಿಸುವುದಿಲ್ಲ. ಸೌದೆ ಒಟ್ಟುವಂತೆ ಅಡ್ಡಲಾಗಿ ಇಡುತ್ತಾರೆ. ಕೊರಡಿನ ಒಂದು ತುದಿ ಮನೆಯೊಳಗೂ ಇನ್ನೊಂದು ತುದಿ ಹೊರಗೂ ಕಾಣುತ್ತದೆ. ಆದುದರಿಂದ ಕೊರಡಿನ ಉದ್ದವೇ ಗೋಡೆಯ ದಪ್ಪ. ಬಡಗಿಯ ಕೆಲಸಕ್ಕೆ ಬಾರದ ಗಿಡ್ಡ, ಡೊಂಕು ಮರಗಳೂ ಇದಕ್ಕೆ ಸಲ್ಲುತ್ತವೆ. 40 ಸೆಂ.ಮೀ. ದಪ್ಪದ ಗೋಡೆಗೆ ಒಂದು ಕಾರ್ಡ್ ಸೌದೆಯಿಂದ ಕನಿಷ್ಠ 9 ಚದರ ಮೀಟರ್ ಗೋಡೆ ಏಳುತ್ತದೆ.

ಮರದ ನಾರಿನ ದಿಕ್ಕಿನಲ್ಲಿ ಶಾಖವು ಅಡ್ಡ ದಿಕ್ಕಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಹರಿಯುತ್ತದೆ. ಗಾರೆಯಲ್ಲಿ ಅದಕ್ಕಿಂತಲೂ ಬೇಗ ದಾಟುತ್ತದೆ. ಆದ್ದರಿಂದ ಗೋಡೆಯ ಒಳಮುಖದಿಂದ ಹೊರಮುಖದವರೆಗೆ ಗಾರೆಯನ್ನು ತುಂಬಿದರೆ ಶಾಖ ಹೊರಹೋಗಲು ದಾರಿ ಮಾಡಿಕೊಟ್ಟಂತಾಗುತ್ತದೆ. ಬದಲಾಗಿ ಗಾರೆಯನ್ನು ಎರಡು ಪಟ್ಟಿಗಳಾಗಿ ಹಾಕಬೇಕು. 40 ಸೆಂ.ಮೀ. ಗೋಡೆಯಲ್ಲಿ ಒಳಗೆ 12.5 ಸೆಂ.ಮೀ., ಹೊರಗೆ 12.5 ಸೆಂ.ಮೀ. ಗಾರೆ, ನಡುವಿನ 15 ಸೆಂ.ಮೀ. ಜಾಗದಲ್ಲಿ ಒಣಗಿದ ಮರದ ಹೊಟ್ಟು. 12 ಅಳತೆ ಹೊಟ್ಟಿಗೆ 1 ಅಳತೆ ಸುಣ್ಣದ ಪುಡಿ ಬೆರೆಸಿದರೆ ಹುಳುವಿನ ಬಾಧೆ ಮತ್ತು ಕೊಳೆಯುವಿಕೆ ಕಡಿಮೆಯಾಗುತ್ತವೆ. ಗೋಡೆಯ ಬೆಚ್ಚಗೆ ಬಹುಮಟ್ಟಿಗೆ ಈ ನಡುವಿನ ಹೊಟ್ಟನ್ನು ಅವಲಂಬಿಸಿದೆ.

ಮರದ ಆಯ್ಕೆ

ಬಿಳಿ ಸೀಡರ್, ಪೈನ್, ಸ್ಪ್ರೂಸ್‌ಗಳಂತಹ ಹಗುರ ಮರಗಳು ಉತ್ತಮ. ಇವು ತೇವಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಓಕ್, ಮೇಪಲ್ ಮುಂತಾದ ಗಟ್ಟಿ ಮರಗಳನ್ನು ಪೂರ್ತಿ ಒಣಗಿಸಿ ಕಟ್ಟಿದಾಗ, ಮಳೆಯ ತೇವಕ್ಕೆ ಕೊರಡುಗಳು ಉಬ್ಬಿ ಗೋಡೆಯನ್ನೇ ಹೊರಕ್ಕೆ ತಳ್ಳಿದ ಉದಾಹರಣೆಗಳಿವೆ.

ಕಡಿದ ಕೂಡಲೇ ತೊಗಟೆ ಸುಲಿಯಬೇಕು. ತೊಗಟೆ ಉಳಿದರೆ ಅದರಡಿಯಲ್ಲಿ ತೇವ ಮತ್ತು ಹುಳು ಸೇರುತ್ತವೆ. ನಂತರ ಗೋಡೆಯ ಅಳತೆಗೆ ತುಂಡರಿಸಿ, ಮೇಲೆ ಮಾತ್ರ ಮರೆ ಮಾಡಿ, ಗಾಳಿಯಾಡುವಂತೆ ಒಟ್ಟಿ ಒಂದು ವರ್ಷ ಒಣಗಿಸಬೇಕು. ಹಸಿ ಮರದಿಂದ ಕಟ್ಟಿದರೆ ಕೊರಡು ಗೋಡೆಯಲ್ಲಿಯೇ ಕುಗ್ಗಿ, ಸುತ್ತಲೂ ಸಂದು ಬಿಟ್ಟು, ಚಳಿಗಾಳಿ ಒಳನುಗ್ಗುತ್ತದೆ.

ಗಾರೆ ಮತ್ತು ಕಟ್ಟುವ ಕ್ರಮ

ರಾಬ್ ರಾಯ್ ಅವರ ಗಾರೆಯಲ್ಲಿ 9 ಅಳತೆ ಮರಳು, 3 ಅಳತೆ ನೀರಿನಲ್ಲಿ ನೆನೆಸಿದ ಮರದ ಹೊಟ್ಟು, 3 ಅಳತೆ ಅರಳಿದ ಸುಣ್ಣದ ಪುಡಿ ಮತ್ತು 2 ಅಳತೆ ಸಿಮೆಂಟು ಇರುತ್ತವೆ. ನೆನೆದ ಹೊಟ್ಟು ತನ್ನಲ್ಲಿರುವ ನೀರನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುವುದರಿಂದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಬಿರುಕು ಕಡಿಮೆ. ನಡುವೆ ತುಂಬುವ ಹೊಟ್ಟು ಮಾತ್ರ ಒಣಗಿದ್ದೇ ಆಗಿರಬೇಕು. ಇವೆರಡನ್ನು ಅದಲುಬದಲು ಮಾಡಬಾರದು.

ಮೊದಲು ಕಂಬ, ತೊಲೆಗಳನ್ನು ನಿಲ್ಲಿಸಿ ಛಾವಣಿ ಹೊದಿಸಿದರೆ ಮಳೆಬಿಸಿಲಿನ ತೊಂದರೆಯಿಲ್ಲದೆ ಗೋಡೆ ಕಟ್ಟಬಹುದು. ಗಾರೆಯ ಎರಡು ಪಟ್ಟಿ ಹಾಕಿ, ನಡುವೆ ಹೊಟ್ಟು ಸುರಿದು, ಮೇಲೆ ಕೊರಡುಗಳನ್ನು ಸುಮಾರು 2.5 ಸೆಂ.ಮೀ. ಸಂದು ಬಿಟ್ಟು ಜೋಡಿಸಬೇಕು. ಹೀಗೆಯೇ ಮೇಲಕ್ಕೆ ಮುಂದುವರಿಸಿ, ಗಾರೆ ಗಟ್ಟಿಯಾಗುವ ಮುನ್ನ ಸಂದುಗಳನ್ನು ಒತ್ತಿ ನಯಗೊಳಿಸಬೇಕು. ಹಸಿ ಗಾರೆ ಹೆಪ್ಪುಗಟ್ಟಿದರೆ ಬಲ ಕಳೆದುಕೊಳ್ಳುವುದರಿಂದ ಹಿಮ ಬೀಳುವ ಕಾಲಕ್ಕೆ ಬಹು ಮುಂಚೆಯೇ ಈ ಕೆಲಸ ಮುಗಿಯಬೇಕು.

ನೀರಿನಿಂದ ರಕ್ಷಣೆ

ಕೊರಡಿನ ತುದಿಗಳು ನೀರನ್ನು ಸುಲಭವಾಗಿ ಹೀರುತ್ತವೆ. ಆದ್ದರಿಂದ ಸೂರನ್ನು ಗೋಡೆಯಿಂದ 40ರಿಂದ 60 ಸೆಂ.ಮೀ. ಮುಂದಕ್ಕೆ ಚಾಚಬೇಕು, ಅಡಿಪಾಯವನ್ನು ನೆಲದಿಂದ ಎತ್ತರಿಸಬೇಕು. ತುದಿಗಳಿಗೆ ವಾರ್ನಿಷ್ ಬಳಿದರೆ ಒಳಸೇರಿದ ತೇವ ಹೊರಬರಲಾರದೆ ಮರ ಕೊಳೆಯುತ್ತದೆ. ಒಂದೆರಡು ಚಳಿಗಾಲ ಕಳೆದ ಮೇಲೆ ಕೊರಡುಗಳಲ್ಲಿ ಬಿಟ್ಟ ಬಿರುಕುಗಳನ್ನು ಮುಚ್ಚಿದರೆ ಗಾಳಿ ನುಸುಳುವುದು ನಿಲ್ಲುತ್ತದೆ.

ಈ ಪದ್ಧತಿಯಲ್ಲಿ ಸಾಮಗ್ರಿಗೆ ಹಣ ಕಡಿಮೆ, ಕೂಲಿ ಮತ್ತು ಕಾಲ ಹೆಚ್ಚು. ಸ್ವಂತ ಮರ, ಮನೆಯವರದೇ ದುಡಿಮೆ ಇರುವ ರೈತನಿಗೆ ಇದು ಅನುಕೂಲ. ಆದರೆ ಮರ ಒಣಗಲು ಒಂದು ವರ್ಷ ಕಾಯದವನು ಮುಂದೆ ಪ್ರತಿ ಚಳಿಗಾಲವೂ ಅದರ ಬೆಲೆಯನ್ನು ಒಲೆಯ ಸೌದೆಯಲ್ಲಿ ತೆರಬೇಕಾಗುತ್ತದೆ.