ಇಂಗಾಲದ ಬೇಸಾಯ: ಎಕರೆಗೆ ಎಷ್ಟು ಸಿಗುತ್ತದೆ?

‘ಕಾರ್ಬನ್ ಫಾರ್ಮಿಂಗ್’ ಬಗ್ಗೆ ರೈತರಿಗೂ ಕಾಲೇಜಿನ ಹುಡುಗ ಹುಡುಗಿಯರಿಗೂ ಅರಿವು ಮೂಡಿಸಬೇಕೆಂಬ ಮಾತು ಈಚೆಗೆ ಜೋರಾಗಿದೆ. ಕೃಷಿ ವಲಯದ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆಂದು ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಒಂದು ಚೌಕಟ್ಟನ್ನು ಹೊರತಂದಿದೆ. ಸಸ್ಯಗಳು ಗಾಳಿಯಿಂದ ಹೀರಿದ ಇಂಗಾಲವನ್ನು ಮಣ್ಣಿನಲ್ಲಿ ಉಳಿಸುವುದು, ಅದನ್ನು ಟನ್ನುಗಳಲ್ಲಿ ಅಳೆಯುವುದು, ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಟನ್ನಿಗೊಂದರಂತೆ ಕ್ರೆಡಿಟ್ ಮಾಡಿ ಹೊಗೆ ಉಗುಳುವ ಕಂಪನಿಗಳಿಗೆ ಮಾರುವುದು, ಬಂದ ಹಣದಲ್ಲಿ ರೈತನಿಗೆ ಪಾಲು ಕೊಡುವುದು: ಹೇಳಲಿಕ್ಕೆ ಇಷ್ಟೇ. ಇದನ್ನು ಕೇಳಿದ ರೈತ ಮೊದಲು ಎತ್ತುವ ಪ್ರಶ್ನೆಯೂ ಒಂದೇ, ಎಕರೆಗೆ ಎಷ್ಟು ಸಿಗುತ್ತದೆ? ಅರಿವು ಮೂಡಿಸಲು ಹೊರಟವರಲ್ಲಿ ಹೆಚ್ಚಿನವರು ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುತ್ತಾರೆ, ಇಲ್ಲವೇ ಆಸೆ ಹುಟ್ಟಿಸುತ್ತಾರೆ. ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಅದನ್ನು ಒಮ್ಮೆ ಹಾಕಿ ನೋಡಿದರೆ ಇಂಗಾಲದ ಬೇಸಾಯವನ್ನು ಮಾಡಬೇಕಾದ್ದು ಬೇರೆಯೇ ಕಾರಣಕ್ಕೆ ಎಂಬುದು ಗೊತ್ತಾಗುತ್ತದೆ.

ಲೆಕ್ಕಕ್ಕೆ ಬೇಕಾದ ಪುರಾವೆ ನಮ್ಮ ಕಲಬುರಗಿ, ಬೀದರ್‌ಗಳ ಮಗ್ಗುಲಲ್ಲೇ ಇದೆ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ 1976ರಲ್ಲಿ ಕಪ್ಪು ಮಣ್ಣಿನ ಹೊಲಗಳಲ್ಲಿ ಒಂದು ಹೋಲಿಕೆ ಶುರುಮಾಡಿತು. ಒಂದು ಕಡೆ ಹಳೆಯ ರೂಢಿ: ಮುಂಗಾರಿನಲ್ಲಿ ಹೊಲವನ್ನು ಬರಿದೇ ಬಿಟ್ಟು ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತುವುದು. ಇನ್ನೊಂದು ಕಡೆ ಸುಧಾರಿತ ಪದ್ಧತಿ: ನೀರು ನಿಲ್ಲದಂತೆ, ಮಣ್ಣು ಕೊಚ್ಚಿಹೋಗದಂತೆ ಅಗಲವಾದ ಏರುಮಡಿ, ಮಧ್ಯೆ ಕಾಲುವೆ, ಜೋಳದ ಜೊತೆ ತೊಗರಿಯ ಅಕ್ಕಡಿ, ಜೊತೆಗೆ ಹಿತಮಿತವಾಗಿ ರಸಗೊಬ್ಬರ. 24 ವರ್ಷಗಳಾದ ಮೇಲೆ 120 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ನೋಡಿದಾಗ ಸುಧಾರಿತ ಹೊಲದಲ್ಲಿ ಹೆಕ್ಟೇರಿಗೆ ಸುಮಾರು 7 ಟನ್ ಇಂಗಾಲ ಹೆಚ್ಚಿಗೆ ಇತ್ತು. ಎಕರೆಗೆ ಇಳಿಸಿದರೆ ಮೂರು ಟನ್ನಿಗೆ ತುಸು ಕಡಿಮೆ. ಒಂದು ಟನ್ ಇಂಗಾಲವೆಂದರೆ 3.67 ಟನ್ ಇಂಗಾಲದ ಡೈಆಕ್ಸೈಡ್. ಆ ಲೆಕ್ಕದಲ್ಲಿ ಎಕರೆಗೆ ಹತ್ತು ಟನ್ ಚಿಲ್ಲರೆ, ಅಂದರೆ ವರ್ಷಕ್ಕೆ ಅರ್ಧ ಟನ್ನೂ ಇಲ್ಲ. ಕ್ರೆಡಿಟ್ ಒಂದಕ್ಕೆ ಸಾವಿರ ರೂಪಾಯಿ ಎಂದೇ ಹಿಡಿಯೋಣ. ಅಳತೆಯ ಖರ್ಚು, ತಪಾಸಣೆಯ ಖರ್ಚು, ಮಧ್ಯವರ್ತಿಯ ಪಾಲು ಯಾವುದನ್ನೂ ಕಳೆಯದಿದ್ದರೂ ಎಕರೆಗೆ ವರ್ಷಕ್ಕೆ ನಾನೂರು ಚಿಲ್ಲರೆ ರೂಪಾಯಿ. ಒಬ್ಬ ಆಳಿನ ಒಂದು ದಿನದ ಕೂಲಿ. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ನೋಡಿ. ಹಳೆಯ ರೂಢಿಯ ಹೊಲದ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ ಒಂದು ಟನ್ ಆಸುಪಾಸಿನಲ್ಲಿದ್ದರೆ ಸುಧಾರಿತ ಹೊಲದ್ದು ಐದು ಟನ್ ಹತ್ತಿರ. ಎಕರೆಗೆ ಹದಿನಾರು ಕ್ವಿಂಟಲ್ ಕಾಳು ಹೆಚ್ಚಿಗೆ. ಇದೆಲ್ಲವೂ ಇಂಗಾಲ ಒಂದರಿಂದಲೇ ಬಂತೆಂದು ಯಾರೂ ಹೇಳುವುದಿಲ್ಲ; ನೀರು, ತಳಿ, ಗೊಬ್ಬರ, ಅಕ್ಕಡಿ ಎಲ್ಲ ಸೇರಿ ಬಂದದ್ದು. ಬೇಸಾಯ ಸುಧಾರಿಸಿತು, ಬೆಳೆ ಹೆಚ್ಚಿತು, ಬೇರು ಹೆಚ್ಚಿತು, ಬೇರಿನ ಹಿಂದೆ ಇಂಗಾಲ ಬಂತು. ಇಂಗಾಲವನ್ನೇ ಬೆಳೆಯಲು ಹೊರಟವನಿಗೆ ನಾನೂರು ರೂಪಾಯಿ. ಚೆನ್ನಾಗಿ ಬೇಸಾಯ ಮಾಡಲು ಹೊರಟವನಿಗೆ ಕಾಳೂ ಉಂಟು, ಇಂಗಾಲವೂ ಉಂಟು.

ಹಾಗಿದ್ದರೆ 24 ವರ್ಷಗಳಲ್ಲಿ ಇಷ್ಟೇ ಏಕೆ ಸೇರಿತು? ಮಣ್ಣಿನ ಇಂಗಾಲವನ್ನು ಒಮ್ಮೆ ಹೂತರೆ ಅಲ್ಲೇ ಇರುವ ವಸ್ತು ಎಂದುಕೊಳ್ಳುವುದರಿಂದ ಈ ಪ್ರಶ್ನೆ ಏಳುತ್ತದೆ. ಊರ ಕೆರೆಯನ್ನು ನೆನೆಸಿಕೊಳ್ಳಿ, ತೂಬನ್ನು ಪೂರ್ತಿ ಮುಚ್ಚಲು ಬಾರದ ಕೆರೆ. ಕಾಲುವೆಯಿಂದ ಬರುವ ನೀರು ಎಂದರೆ ಬೇರು, ಕೂಳೆ, ಉದುರಿದ ಎಲೆ, ಕೊಟ್ಟಿಗೆ ಗೊಬ್ಬರ. ತೂಬಿನಿಂದ ಹೋಗುವುದು ಎಂದರೆ ಸೂಕ್ಷ್ಮಜೀವಿಗಳು ಅವನ್ನು ತಿಂದು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್. ಕಾಲುವೆಯ ಹರಿವು ಹೆಚ್ಚಿಸಿದಿರಿ ಎನ್ನಿ, ಕೆರೆಯ ಮಟ್ಟ ಏರುತ್ತದೆ. ಮಟ್ಟ ಏರಿದಷ್ಟೂ ತೂಬಿನ ರಭಸವೂ ಏರುತ್ತದೆ. ಒಂದು ಹಂತದಲ್ಲಿ ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗಿ ಮಟ್ಟ ನಿಂತುಬಿಡುತ್ತದೆ. ಇದು ಊಹೆಯಲ್ಲ, ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಣ್ಣಾರೆ ಕಂಡ ಸಂಗತಿ. ಅಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಬ್ರಾಡ್‌ಬಾಲ್ಕ್ ಎಂಬ ಹೊಲದಲ್ಲಿ ಗೋಧಿ ಪ್ರಯೋಗ ಆರಂಭಿಸಿದರು. ಅದು ಇವತ್ತಿಗೂ ನಡೆಯುತ್ತಿದೆ. ತಮಾಷೆಯೆಂದರೆ ಲಾಸ್ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದು ಕಾರ್ಖಾನೆ ನಡೆಸಿದ ಮನುಷ್ಯ; ಅವನ ಹೊಲವೇ ಕೊಟ್ಟಿಗೆ ಗೊಬ್ಬರದ ಪರವಾಗಿ ಜಗತ್ತಿನ ಅತಿ ದೀರ್ಘ ಸಾಕ್ಷಿಯಾಗಿ ನಿಂತಿದೆ. ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಬಿದ್ದ ಪಟ್ಟಿಯಲ್ಲಿ ಇಂಗಾಲ ಮೊದಲ ಕೆಲವು ದಶಕ ಚುರುಕಾಗಿ ಏರಿತು, ಆಮೇಲೆ ನಿಧಾನವಾಯಿತು, ಈಗ ಏನೂ ಹಾಕದ ಪಟ್ಟಿಯದರ ದುಪ್ಪಟ್ಟನ್ನೂ ಮೀರಿದ ಮಟ್ಟದಲ್ಲಿ ಹೆಚ್ಚುಕಡಿಮೆ ನಿಂತಿದೆ. ಪಕ್ಕದ ಹೂಸ್‌ಫೀಲ್ಡ್‌ನ ಬಾರ್ಲಿ ಪ್ರಯೋಗದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಒಂದು ಪಟ್ಟಿಗೆ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದರು. ಮಟ್ಟ ಇಳಿಯಿತು, ನಿಜ. ಆದರೆ ಒಂದೂವರೆ ಶತಮಾನ ಕಳೆದರೂ ಆ ಪಟ್ಟಿಯಲ್ಲಿ ಎಂದೂ ಗೊಬ್ಬರ ಕಾಣದ ಪಟ್ಟಿಗಿಂತ ಹೆಚ್ಚು ಇಂಗಾಲ ಉಳಿದಿದೆ. ಕೆರೆಯ ನೀರೆಲ್ಲ ಹೋದರೂ ತಳದ ಹೂಳಿನಲ್ಲಿ ತೇವ ಸಿಕ್ಕಿಕೊಂಡಿರುವಂತೆ, ಜೇಡಿ ಕಣಗಳಿಗೆ ಅಂಟಿದ ಇಂಗಾಲ ಸೂಕ್ಷ್ಮಜೀವಿಗಳ ಬಾಯಿಗೆ ಸುಲಭಕ್ಕೆ ಸಿಗುವುದಿಲ್ಲ.

ಈ ಕೆರೆಯ ಲೆಕ್ಕದಲ್ಲಿ ಮಾರುಕಟ್ಟೆಯವರು ಮರೆಯುವ ಇನ್ನೊಂದು ಮಾತಿದೆ. ತೂಬಿನಿಂದ ಹೋಗುವ ನೀರು ನಷ್ಟವಲ್ಲ, ಅಚ್ಚುಕಟ್ಟು ಬೆಳೆಯುವುದೇ ಅದರಿಂದ. ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಸಿದಾಗಲೇ ಅದರೊಳಗಿನ ಸಾರಜನಕ, ರಂಜಕ, ಗಂಧಕ ಬಿಡುಗಡೆಯಾಗಿ ಬೇರಿಗೆ ದಕ್ಕುವುದು. ಕ್ರೆಡಿಟ್ ಕೊಳ್ಳುವವನಿಗೆ ಬೇಕಾದ್ದು ಮುಚ್ಚಿದ ತೂಬು, ಬೆಳೆಗೆ ಬೇಕಾದ್ದು ಹರಿಯುವ ತೂಬು. ಕೂಡಿಡುವುದೋ ಬಳಸುವುದೋ ಎಂಬ ಈ ಇಕ್ಕಟ್ಟನ್ನು ಕೆನಡಾದ ಮಣ್ಣುವಿಜ್ಞಾನಿ ಹೆನ್ರಿ ಜಾನ್‌ಜನ್ 2006ರಲ್ಲೇ ಎತ್ತಿ ತೋರಿಸಿದ್ದರು. ಹೀಗಾಗಿ ರೈತನಿಗೆ ‘ಇಂಗಾಲ ಹೂತಿಡಿ’ ಎಂದು ಹೇಳುವುದಕ್ಕಿಂತ ‘ಕಾಲುವೆ ಬತ್ತದಂತೆ ನೋಡಿಕೊಳ್ಳಿ’ ಎಂದು ಹೇಳುವುದು ವಿಜ್ಞಾನಕ್ಕೆ ಹತ್ತಿರ. ಬೆಳಗಾವಿಯಲ್ಲೋ ಮಂಡ್ಯದಲ್ಲೋ ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಉಳಿಯುತ್ತದೆ. ಬೆಂಕಿ ಹಾಕಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಸಾಲಿನಲ್ಲಿ ಹೊದಿಸಿದರೆ ಅದರಲ್ಲೂ ಹೆಚ್ಚಿನ ಪಾಲು ಒಂದೆರಡು ವರ್ಷದಲ್ಲಿ ಗಾಳಿಗೇ ಹೋಗುತ್ತದೆ, ಆದರೆ ಹೋಗುವ ದಾರಿಯಲ್ಲಿ ಕೂಳೆ ಬೆಳೆಗೆ ತೇವ ಉಳಿಸಿ, ಎರೆಹುಳುವಿಗೆ ಊಟ ಹಾಕಿ, ಪೋಷಕಾಂಶ ಬಿಟ್ಟುಹೋಗುತ್ತದೆ.

ನಮ್ಮ ಬಿಸಿಲಿಗೆ ಇಂಗಾಲ ನಿಲ್ಲುವುದಿಲ್ಲ, ಇಂಗ್ಲೆಂಡಿನ ತಂಪು ನೆಲದ ಕಥೆ ಇಲ್ಲಿಗೇಕೆ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಶಾಖ ಮತ್ತು ತೇವ ಒಟ್ಟಿಗಿದ್ದಾಗ ಕೊಳೆಯುವ ವೇಗ ಹೆಚ್ಚು. ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುವ ಜೇಡಿಯೂ ಕಡಿಮೆ. ಅದಕ್ಕೇ ಇಂಗ್ಲೆಂಡಿನ ಅಂಕಿಗಳನ್ನಲ್ಲ, ಪಟಾನ್‌ಚೆರುವಿನ ಅಂಕಿಗಳನ್ನು ಮುಂದಿಟ್ಟದ್ದು. ಬಿಸಿಲಿನಲ್ಲೂ ಏರುತ್ತದೆ, ಮೆಲ್ಲಗೆ ಏರುತ್ತದೆ. ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆಯನ್ನು ಮಾತ್ರ ಒಪ್ಪುವುದು ಕಷ್ಟ: ರಸಗೊಬ್ಬರ ಒಂದು ಚಿಟಿಕೆ ಬಿದ್ದರೂ ಮಣ್ಣಿನ ಇಂಗಾಲ ಸುಟ್ಟುಹೋಗುತ್ತದೆ ಎಂಬುದು. ಬ್ರಾಡ್‌ಬಾಲ್ಕ್‌ನಲ್ಲಿ ಬರೀ ರಸಗೊಬ್ಬರ ಪಡೆದ ಪಟ್ಟಿಗಳಲ್ಲಿ ಏನೂ ಪಡೆಯದ ಪಟ್ಟಿಗಿಂತ ಇಂಗಾಲ ತುಸು ಹೆಚ್ಚೇ ಇದೆ, ಬೆಳೆ ಹುಲುಸಾಗಿ ಬೇರು, ಕೂಳೆ ಹೆಚ್ಚು ಉಳಿದದ್ದರಿಂದ. ಮೇಲಾಗಿ ಮಣ್ಣಿನ ಸಾವಯವ ಪದಾರ್ಥದಲ್ಲಿ ಇಂಗಾಲ ಹನ್ನೆರಡು ಪಾಲಿದ್ದರೆ ಸಾರಜನಕ ಒಂದು ಪಾಲಾದರೂ ಇರಬೇಕು. ಒಂದು ಟನ್ ಇಂಗಾಲ ನೆಲದಲ್ಲಿ ನಿಲ್ಲಬೇಕಾದರೆ ಎಂಬತ್ತು ಕಿಲೋ ಸಾರಜನಕವೂ ಅದರ ಜೊತೆ ನಿಲ್ಲಬೇಕು. 45 ಕಿಲೋದ ಯೂರಿಯಾ ಚೀಲದ ಲೆಕ್ಕದಲ್ಲಿ ನಾಲ್ಕು ಚೀಲ. ಯೂರಿಯಾ ತಯಾರಿಕೆಯೇ ಹೊಗೆಯ ಬಾಬತ್ತು. ಹಾಗಾಗಿ ಈ ಸಾರಜನಕ ತೊಗರಿ, ಅಲಸಂದೆ, ಹುರುಳಿ, ಗ್ಲಿರಿಸಿಡಿಯಾಗಳ ಬೇರುಗಂಟಿನಿಂದ ಬಂದಷ್ಟೂ ಒಳ್ಳೆಯದು. ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ, 2015ರಲ್ಲಿ, ಫ್ರಾನ್ಸ್ ಸರ್ಕಾರ ಜಗತ್ತಿನ ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸುವ ಗುರಿ ಸಾರಿದಾಗ ವಿಜ್ಞಾನಿಗಳು ಎತ್ತಿದ ಮುಖ್ಯ ತಕರಾರುಗಳಲ್ಲಿ ಇದೂ ಒಂದು: ಅಷ್ಟೊಂದು ಸಾರಜನಕ ಎಲ್ಲಿಂದ ತರುವುದು?

ಕೊಟ್ಟಿಗೆ ಗೊಬ್ಬರ ಎಲ್ಲಿಂದ ತರುವುದು ಎಂಬುದು ಅದಕ್ಕಿಂತ ಹತ್ತಿರದ ಪ್ರಶ್ನೆ. ಬ್ರಾಡ್‌ಬಾಲ್ಕ್‌ನ 35 ಟನ್ ಎಂದರೆ ಎಕರೆಗೆ 14 ಟನ್. ನಮ್ಮ ಯಾವ ರಾಗಿ ಹೊಲಕ್ಕೂ ವರ್ಷವರ್ಷ ಅಷ್ಟು ಬೀಳುವುದಿಲ್ಲ. ಹತ್ತು ಹೊಲದ ಗೊಬ್ಬರವನ್ನು ಒಂದೇ ಹೊಲಕ್ಕೆ ಸುರಿದು ‘ನೋಡಿ, ಇಂಗಾಲ ಏರಿತು’ ಎಂದರೆ ಆ ಹೊಲದ ಯಜಮಾನನಿಗೆ ಲಾಭವಾಗಬಹುದು, ವಾತಾವರಣಕ್ಕೆ ಇಲ್ಲ. ಒಂಬತ್ತು ಕೆರೆ ಬತ್ತಿಸಿ ಹತ್ತನೆಯದನ್ನು ತುಂಬಿಸಿದಂತೆ ಅಷ್ಟೇ. ರೊಥಾಮ್‌ಸ್ಟೆಡ್‌ನವರೇ ಆದ ಮಣ್ಣುವಿಜ್ಞಾನಿ ಡೇವಿಡ್ ಪೌಲ್ಸನ್ ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಉಳುಮೆ ಬಿಟ್ಟರೆ ಇಂಗಾಲ ರಾಶಿ ಬೀಳುತ್ತದೆ ಎಂಬ ಅಮೆರಿಕದ ಉತ್ಸಾಹಕ್ಕೂ ಇಂಥದೇ ಪೆಟ್ಟು ಬಿತ್ತು. ಉಳದ ಹೊಲದಲ್ಲಿ ಇಂಗಾಲ ಮೇಲ್ಪದರದಲ್ಲಿ ಕೂರುತ್ತದೆ, ಉತ್ತ ಹೊಲದಲ್ಲಿ ಕೆಳಗೆ ಬೆರೆಯುತ್ತದೆ. ಮೇಲಿನ ಮಣ್ಣನ್ನಷ್ಟೇ ಪರೀಕ್ಷೆಗೆ ತೆಗೆದವರಿಗೆ ಉಳದ ಹೊಲವೇ ಗೆದ್ದಂತೆ ಕಂಡಿತ್ತು. ಆಳಕ್ಕೆ ಹೋದಾಗ ವ್ಯತ್ಯಾಸದ ಬಹುಪಾಲು ಕರಗಿತು. ಉಳುಮೆ ಕಡಿಮೆ ಮಾಡುವುದರಿಂದ ಡೀಸೆಲ್ ಉಳಿಯುತ್ತದೆ, ತೇವ ಉಳಿಯುತ್ತದೆ, ಸವಕಳಿ ತಗ್ಗುತ್ತದೆ. ಅಷ್ಟು ಸಾಲದೆ? ಇಲ್ಲದ ಇಂಗಾಲವನ್ನು ಅದರ ತಲೆಗೆ ಕಟ್ಟುವುದು ಬೇಡ.

ಹಾಗೆಂದು ಇಂಗಾಲದ ಮಾರುಕಟ್ಟೆ ಪೂರಾ ಪೊಳ್ಳು ಎಂದು ತೀರ್ಪು ಕೊಡುವುದೂ ಸರಿಯಲ್ಲ. ಅದಕ್ಕೆ ಹೆಚ್ಚು ಒಪ್ಪುವ ಜಾಗ ತುಂಗಭದ್ರಾ ಅಚ್ಚುಕಟ್ಟಿನಂಥ ಭತ್ತದ ಸೀಮೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ; ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ನಡುನಡುವೆ ಗದ್ದೆ ಆರಲು ಬಿಟ್ಟರೆ, ಅಂದರೆ ತೂತು ಕೊರೆದ ಕೊಳವೆ ನೆಟ್ಟು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿದ ಮೇಲೆ ಮತ್ತೆ ಹಾಯಿಸಿದರೆ, ಮೀಥೇನ್ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ನೈಟ್ರಸ್ ಆಕ್ಸೈಡ್ ಒಂದಿಷ್ಟು ಹೆಚ್ಚಬಹುದು, ಆದರೂ ಒಟ್ಟು ಲೆಕ್ಕ ಲಾಭದ್ದೇ. ಮುಖ್ಯವಾಗಿ, ಈ ವರ್ಷ ಬಾರದ ಮೀಥೇನ್ ಮುಂದಿನ ವರ್ಷ ರೈತ ಮನಸ್ಸು ಬದಲಿಸಿದ ಮಾತ್ರಕ್ಕೆ ಬಂದುಬಿಡುವುದಿಲ್ಲ. ಮಣ್ಣಿನ ಇಂಗಾಲಕ್ಕೆ ಈ ಭದ್ರತೆಯಿಲ್ಲ. ಇಲ್ಲೂ ಮೋಸವಿಲ್ಲವೆಂದಲ್ಲ: ಜಗತ್ತಿನ ದೊಡ್ಡ ಕ್ರೆಡಿಟ್ ನೋಂದಣಿ ಸಂಸ್ಥೆಯಾದ ವೆರ್ರಾ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಬೇಕಾಯಿತು.

ಹೊಗೆ ಬಿಟ್ಟವರು ಯಾರೋ, ಹೊಣೆ ಹೊರಬೇಕಾದವರು ರೈತರೇ ಎಂಬ ಕೊನೆಯ ಆಕ್ಷೇಪ ಇದೆಯಲ್ಲ, ಅದು ವಿಜ್ಞಾನದ್ದಲ್ಲ, ನ್ಯಾಯದ್ದು. ಅದು ಸರಿಯಾದ ಆಕ್ಷೇಪವೇ. ಹವಾಮಾನ ಉಳಿಸುವ ಭಾರವನ್ನು ಎರಡು ಎಕರೆ ಮಳೆಯಾಶ್ರಯದವನ ಹೆಗಲಿಗೆ ಹಾಕುವ ಪ್ರಚಾರ ನಿಲ್ಲಬೇಕು. ಆದರೆ ಅವನ ಹೊಲದ ಇಂಗಾಲ ಅರ್ಧ ಪರ್ಸೆಂಟಿಗಿಂತ ಕೆಳಗಿದ್ದರೆ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಕಡಿಮೆ’ ಎಂದು ಬರೆದು ಬರುವುದು ಆ ಮಟ್ಟಕ್ಕೇ, ಎರಡು ವಾರ ಮಳೆ ತಡವಾದಾಗ ಬೆಳೆ ಬಾಡುವುದು ಅವನದೇ. ಅದಕ್ಕಾಗಿ ಮಣ್ಣಿಗೆ ಇಂಗಾಲ ಬೇಕು, ಕ್ರೆಡಿಟ್ ಬರಲಿ ಬಿಡಲಿ.

ಯುವಕರು ಮಾಡಬಹುದಾದ ಕೆಲಸ ಘೋಷಣೆ ಕೂಗುವುದಕ್ಕಿಂತ ದೊಡ್ಡದು. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ತಂಗುತ್ತಾರೆ. ಊರಿನ ಇಪ್ಪತ್ತು ಹೊಲಗಳಲ್ಲಿ ಜಾಗ ಗುರುತಿಟ್ಟು, ವಾಡಿಕೆಯ 15 ಸೆಂಟಿಮೀಟರಿಗೆ ನಿಲ್ಲದೆ 30ರವರೆಗೂ ಮಣ್ಣು ತೆಗೆದು, ಪುಸ್ತಕದಲ್ಲಿ ಬರೆದಿಟ್ಟು, ಐದು ವರ್ಷದ ನಂತರ ಮುಂದಿನ ತಂಡ ಅದೇ ಜಾಗದಲ್ಲಿ ಮತ್ತೆ ತೆಗೆಯುವಂತೆ ಮಾಡಿದರೆ ನಮ್ಮ ಮಣ್ಣಿನ ಬಗ್ಗೆ ನಮ್ಮದೇ ಅಂಕಿ ಸಿಗುತ್ತದೆ. ರೈತರಿಗೂ ಒಂದು ಮಾತು. ಇಂಗಾಲದ ಕರಾರು ಹಿಡಿದು ಯಾರಾದರೂ ಬಂದರೆ ಸಹಿ ಹಾಕುವ ಮೊದಲು ಕೇಳಿ: ಎಷ್ಟು ವರ್ಷದ ಕಟ್ಟುಪಾಡು, ಎಷ್ಟು ಆಳದವರೆಗೆ ಅಳೆಯುತ್ತೀರಿ, ಅಳತೆಯ ಖರ್ಚು ಯಾರದು, ಜಮೀನು ಮಾರಿದರೆ ಅಥವಾ ಮಕ್ಕಳಿಗೆ ಪಾಲಾದರೆ ಏನು, ಬರಗಾಲದಲ್ಲಿ ಇಂಗಾಲ ಇಳಿದರೆ ಹಣ ವಾಪಸು ಕೇಳುತ್ತೀರಾ? ಇವಕ್ಕೆ ಉತ್ತರವು ಕನ್ನಡದಲ್ಲಿ, ಕಾಗದದ ಮೇಲೆ ಸಿಗದಿದ್ದರೆ ಸಹಿ ಹಾಕಬೇಡಿ.