ಗೋಡೆ ನೋಡಿ ಹಲಗೆ ಹಾಕ್ರಿ

ಸವಣೂರು ತಾಲ್ಲೂಕಿನ ಯಲವಿಗಿಯಂಥ ಊರಾಗ ಗ್ಯಾರೇಜ್ ಅಂದ್ರೆ ಕಾರಿನ ಕೋಣೆ ಅಲ್ಲ. ಬೈಕು, ಸ್ಪ್ಯಾನರ್ ಡಬ್ಬಿ, ಮೋಟರಿನ ಸಾಮಾನು, ಔಷಧ ಹೊಡೆಯೋ ಪಂಪು, ಕುಡಗೋಲು ಎಲ್ಲಾ ಒಂದೇ ಕಡೆ ಬಿದ್ದಿರೋ ಪಡಸಾಲೆ ಅಥವಾ ತಗಡಿನ ಶೆಡ್ಡು. ರಜೆಗೆ ಹೋದಾಗ ಮನೆಯವರು, ‘ಎಂಜಿನಿಯರಿಂಗ್ ಓದ್ತೀರಿ, ಒಂದು ಹಲಗೆ ಹೊಡೀರಿ ನೋಡೋಣ’ ಅಂತಾರೆ. ಡ್ರಿಲ್ ಹಿಡಿಯೋ ಮುಂಚೆ ಗೋಡೆ ಯಾವುದು ಅಂತ ನೋಡೋಣ.

ಬ್ರಾಕೆಟ್ ಮೇಲಿನ ಹಲಗೆ ಗೋಡೆಯನ್ನು ಕೆಳಗೆ ಒತ್ತೋದಷ್ಟೇ ಅಲ್ಲ, ಮೇಲಿನ ಸ್ಕ್ರೂವನ್ನು ಹೊರಗೂ ಎಳೆಯುತ್ತದೆ. ಲೆಕ್ಕ ಸಣ್ಣದು. 30 ಸೆಂ.ಮೀ. ಅಗಲದ ಹಲಗೆ, ಮೇಲೆ 40 ಕೆ.ಜಿ. ಸಾಮಾನು, ಎರಡು ಬ್ರಾಕೆಟ್. ಒಂದೊಂದಕ್ಕೆ ಸುಮಾರು 200 ನ್ಯೂಟನ್. ಭಾರ ಹಲಗೆಯ ನಡುವೆ, ಅಂದ್ರೆ ಗೋಡೆಯಿಂದ 15 ಸೆಂ.ಮೀ. ದೂರ ಇದ್ದರೆ ಮೊಮೆಂಟ್ 30 ನ್ಯೂಟನ್-ಮೀಟರ್. ಬ್ರಾಕೆಟ್ಟಿನ ಕೆಳತುದಿಯಿಂದ ಮೇಲಿನ ಸ್ಕ್ರೂಗೆ 20 ಸೆಂ.ಮೀ. ಇದ್ದರೆ ಆ ಸ್ಕ್ರೂ ಮೇಲಿನ ಎಳೆತ 150 ನ್ಯೂಟನ್. ಆ ಅಂತರ 10 ಸೆಂ.ಮೀ. ಆದ್ರೆ 300. ಅದಕ್ಕೇ ಬ್ರಾಕೆಟ್ಟಿನ ಉದ್ದನೆಯ ಕಾಲು ಗೋಡೆಗೇ ಬರಬೇಕು, ಭಾರದ ಸಾಮಾನು ಗೋಡೆ ಕಡೆಗೇ ಇರಬೇಕು.

ಇಟ್ಟಿಗೆ ಗೋಡೆ ಆದ್ರೆ ಚಿಂತಿಲ್ಲ. ಗಿಲಾವು ಸ್ಕ್ರೂ ಹಿಡಿಯೋದಿಲ್ಲ, ಹಿಡಿಯೋದು ಇಟ್ಟಿಗೆ. ಗಿಲಾವು 15 ಮಿ.ಮೀ. ಇದ್ದರೆ, ಅದನ್ನು ದಾಟಿ ಇಟ್ಟಿಗೆಯೊಳಗೆ 40 ಮಿ.ಮೀ. ಆದರೂ ಹೋಗೋ ಸ್ಕ್ರೂ ಬೇಕು. 8 ಮಿ.ಮೀ. ಗಿಟ್ಟಿಗೆ 8 ಮಿ.ಮೀ. ಬಿಟ್ಟೇ ಹಾಕ್ರಿ. ತೂತಿನ ಧೂಳು ಊದಿ ತೆಗೆದು ಆಮೇಲೆ ಗಿಟ್ಟಿ ಹೊಡೀರಿ. ಗಿಟ್ಟಿ ಕೈಯಿಂದ್ಲೇ ಸಲೀಸಾಗಿ ಒಳಗೆ ಹೋದ್ರೆ ಆ ತೂತು ನಂಬಬ್ಯಾಡ್ರಿ.

ಮಣ್ಣಿನ ಗೋಡೆ ಆದ್ರೆ ಮಾತು ಬೇರೆ. ಮಣ್ಣು ಒತ್ತಡ ತಡಕೊಳ್ಳುತ್ತದೆ, ಎಳೆತ ತಡಕೊಳ್ಳೋದಿಲ್ಲ. ನೀರು ಕುಡಿದ್ರೆ ಒತ್ತಡಕ್ಕೂ ಸೋಲುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಹಾವೇರಿ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಇಂಥ ಗೋಡೆಗೆ ಗಿಟ್ಟಿ ಹೊಡೆದು ಕಬ್ಬಿಣ ಪೇರಿಸಿದ್ರೆ, ಒಂದು ದಿನ ಅದು ಕೆಳಗೆ ಆಡೋ ಮಕ್ಕಳ ಮೇಲೇ ಬೀಳಬಹುದು.

ಹಿರಿಯರ ಮನೆ ನೋಡ್ರಿ. ದೀಪ, ಡಬ್ಬಿ ಇಡೋದಕ್ಕೆ ಗೋಡೆಯೊಳಗೇ ಮಾಡ: ಭಾರ ನೇರ ಕೆಳಗೆ, ಎಳೆತ ಇಲ್ಲ. ಹಾಲು-ಬೆಣ್ಣೆ ಗಡಿಗೆಗೆ ನೆಲವು: ಭಾರ ಹಗ್ಗದ ಮೂಲಕ ತೊಲೆಗೆ, ಗೋಡೆಗೆ ಸಂಬಂಧವೇ ಇಲ್ಲ. ಆದ್ರೆ ಹಳೇ ಮನೆಗೆ ಈಗ ಹೊಸದಾಗಿ ಮಾಡ ಕೊರೆಯಬ್ಯಾಡ್ರಿ, ಗೋಡೆ ಸೊರಗುತ್ತದೆ.

ನಾವು ಮಾಡಬೇಕಾದ್ದೂ ಅದೇ ಲೆಕ್ಕದ್ದು. ನೆಲದ ಮೇಲೆ ನಿಲ್ಲೋ ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡ್ರಿ, ಮುಂದಕ್ಕೆ ವಾಲದಂತೆ ಅದರ ತಲೆಯನ್ನು ತೊಲೆಗೋ ಕಂಬಕ್ಕೋ ಕಟ್ಟ್ರಿ. ಹಗುರ ಸಾಮಾನಿಗೆ ತೊಲೆಯಿಂದ ಹಲಗೆ ತೂಗು ಹಾಕಬಹುದು; ಮೊದಲು ಚಾಕುವಿನಿಂದ ಚುಚ್ಚಿ, ಗೆದ್ದಲು ತಿಂದಿಲ್ಲ ಅಂತ ಖಾತ್ರಿ ಮಾಡಿಕೊಳ್ರಿ.

ಹಲಗೆಗೂ ಲೆಕ್ಕ ಇದೆ. ಅಡಿಗೆ ಇಷ್ಟು ಅಂತ ಒಂದೇ ಭಾರ ಹೇರಿ, ಆಧಾರಗಳ ಅಂತರ 60ರಿಂದ 120 ಸೆಂ.ಮೀ.ಗೆ ಹೋದ್ರೆ ಬಾಗು 16 ಪಟ್ಟು. ಪ್ಲೈವುಡ್ 12ರ ಬದಲು 18 ಮಿ.ಮೀ. ತಂದ್ರೆ ಗಡಸು ಸುಮಾರು 3.4 ಪಟ್ಟು. ಅಂತರ 60 ಸೆಂ.ಮೀ. ದಾಟದಿರಲಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಔಷಧದ ಡಬ್ಬಿ ಮಾತ್ರ ಹಲಗೆ ಮೇಲೆ ಬ್ಯಾಡ, ಕೀಲಿ ಇರೋ ಪೆಟ್ಟಿಗೆಯೊಳಗೆ.