ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯಲ್ಲಿ ಗೃಹಬಳಕೆಯ ಹವಾನಿಯಂತ್ರಕಗಳ ನಿರ್ವಹಣಾ ವೆಚ್ಚ

ಗೃಹಬಳಕೆಯ ಹವಾನಿಯಂತ್ರಕದ ನಿರ್ವಹಣೆ ಎಂದರೆ ಮನೆಯ ಕೋಣೆಗಳನ್ನು ತಂಪಾಗಿಸುವ ಯಂತ್ರವನ್ನು ನಿಯತವಾಗಿ ಶುಚಿಗೊಳಿಸುವುದು, ಪರೀಕ್ಷಿಸುವುದು ಹಾಗೂ ಅಗತ್ಯವಿದ್ದಲ್ಲಿ ದುರಸ್ತಿ ಮಾಡುವುದು. ಆಡುಮಾತಿನಲ್ಲಿ ಇದನ್ನು ‘ಎ.ಸಿ. ಸರ್ವಿಸ್’ ಎನ್ನುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಈ ವೆಚ್ಚವನ್ನು ಯಂತ್ರದ ಬೆಲೆಗಿಂತ ಹೆಚ್ಚಾಗಿ ಗಾಳಿಯ ತೇವಾಂಶ, ಸರ್ವಿಸ್ ಮಾಡಿಸುವ ತಿಂಗಳು ಮತ್ತು ತಂತ್ರಜ್ಞ ಬರಬೇಕಾದ ದೂರ ನಿರ್ಧರಿಸುತ್ತವೆ.

ಹಿನ್ನೆಲೆ

ಈ ಭಾಗದ ಹಳೆಯ ಮನೆಗಳು ಕೆಂಪುಕಲ್ಲಿನ ಗೋಡೆ ಹಾಗೂ ಹಂಚಿನ ಮಾಡು ಹೊಂದಿದ್ದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಮಂಗಳೂರು ಹಂಚು ಕರಾವಳಿಯುದ್ದಕ್ಕೂ ಹರಡಿತು. ಹಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತಿದ್ದುದರಿಂದ ಬೇಸಗೆಯನ್ನು ಬೀಸಣಿಗೆ, ಫ್ಯಾನುಗಳಲ್ಲೇ ಕಳೆಯಲಾಗುತ್ತಿತ್ತು. ಕಾಂಕ್ರೀಟ್ ತಾರಸಿ ಹಗಲಿನ ಬಿಸಿಲನ್ನು ಹೀರಿ ರಾತ್ರಿಯ ವೇಳೆ ಕೋಣೆಯೊಳಗೆ ಬಿಡುತ್ತದೆ. ತಾರಸಿ ಮನೆಗಳು ಹೆಚ್ಚಿದಂತೆ ಹವಾನಿಯಂತ್ರಕವೂ ಮಲಗುವ ಕೋಣೆಯ ಸಾಮಾನ್ಯ ಉಪಕರಣವಾಯಿತು. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದು ಅಥವಾ ಒಂದೂವರೆ ಟನ್ ಸಾಮರ್ಥ್ಯದ ಸ್ಪ್ಲಿಟ್ ಮಾದರಿ. ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ, ಶಾಖವನ್ನು ಹೊರಹಾಕುವ ಸಾಮರ್ಥ್ಯದ ಅಳತೆ. ಒಂದು ಟನ್ ಸುಮಾರು 3.5 ಕಿಲೋವ್ಯಾಟಿಗೆ ಸಮ.

ಹವಾಗುಣದ ಪ್ರಭಾವ

ಒಣಹವೆಯ ಬಯಲುಸೀಮೆಯಲ್ಲಿ ಯಂತ್ರದ ಮುಖ್ಯ ಶತ್ರು ಧೂಳು. ಕರಾವಳಿಯಲ್ಲಿ ಧೂಳಿನೊಂದಿಗೆ ನೀರೂ ಸೇರಿಕೊಳ್ಳುತ್ತದೆ. ಸೆಕೆಗಾಲದಲ್ಲಿ ಒಳಘಟಕದ ತಣ್ಣನೆಯ ಸುರುಳಿಗೆ ತಾಗಿದ ಗಾಳಿಯ ತೇವಾಂಶ ಹನಿಗಟ್ಟಿ, ಗಂಟೆಗೆ ಒಂದು ಲೀಟರಿಗೂ ಮೀರಿ ನೀರು ಹರಿಯಬಹುದು. ಫಿಲ್ಟರ್ ದಾಟಿ ಬಂದ ನಯವಾದ ಕೆಂಪುಮಣ್ಣಿನ ಧೂಳು ಈ ಒದ್ದೆ ಸುರುಳಿಗೆ ಕೆಸರಿನಂತೆ ಅಂಟುತ್ತದೆ. ಅದೇ ಕೆಸರು ನೀರು ಹೋಗುವ ಕೊಳವೆಯನ್ನು ಕಟ್ಟಿದಾಗ ಒಳಘಟಕದಿಂದ ಗೋಡೆಗೆ ನೀರು ಸುರಿಯುತ್ತದೆ. ಬಳಕೆದಾರರು ಇದನ್ನು ದೊಡ್ಡ ಕೆಟ್ಟುಹೋಗುವಿಕೆ ಎಂದು ಭಾವಿಸುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ಕೊಳವೆ ಶುಚಿಗೊಳಿಸಿದರೆ ಸಾಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಯಂತ್ರ ಬಹುತೇಕ ನಿಂತೇ ಇರುತ್ತದೆ. ನಿಂತ ಯಂತ್ರ ಸುರಕ್ಷಿತವೆಂದು ಹೇಳಲಾಗದು. ಒಳಘಟಕದಲ್ಲಿ ಉಳಿದ ತೇವದಿಂದ ಬೂಷ್ಟು ಬೆಳೆಯುತ್ತದೆ. ಮತ್ತೆ ಚಾಲೂ ಮಾಡಿದಾಗ ಬರುವ ಮುಗ್ಗಲು ವಾಸನೆಗೆ ಇದೇ ಕಾರಣ. ಹೊರಘಟಕದೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ನುಗ್ಗಿ ವಿದ್ಯುತ್ ಫಲಕವನ್ನು ಸುಡುವುದು ತೋಟದ ನಡುವಿನ ಮನೆಗಳಲ್ಲಿ ಸಾಮಾನ್ಯ. ಮುಂಗಾರು ಪೂರ್ವದ ಹಾಗೂ ಹಿಂಗಾರಿನ ಗುಡುಗು ಸಿಡಿಲಿನಿಂದ ವಿದ್ಯುನ್ಮಾನ ಫಲಕ ಹಾಳಾಗುವ ಸಂಭವವೂ ಇರುವುದರಿಂದ, ಸಿಡಿಲಿನ ಸಮಯದಲ್ಲಿ ರಿಮೋಟಿನಿಂದ ಆರಿಸುವುದರ ಬದಲು ಮುಖ್ಯ ಸ್ವಿಚ್ಚನ್ನೇ ಆರಿಸಬೇಕಾಗುತ್ತದೆ. ಸಮುದ್ರದ ಉಪ್ಪಿನಂಶದಿಂದ ಲೋಹ ಸವೆಯುವ ತೊಂದರೆ ಮಂಗಳೂರಿನ ಕಡಲ ತಡಿಯಷ್ಟು ಈ ಒಳನಾಡಿನ ತಾಲೂಕುಗಳಲ್ಲಿಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯಲ್ಲಿ ಅದು ಇನ್ನೂ ಕಡಿಮೆ.

ಸರ್ವಿಸ್ ಮತ್ತು ದರ

ಫಿಲ್ಟರನ್ನು ಹೊರತೆಗೆದು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವ ಕೆಲಸಕ್ಕೆ ತಂತ್ರಜ್ಞ ಬೇಕಿಲ್ಲ. ಬಳಕೆಯ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಮನೆಯವರೇ ಇದನ್ನು ಮಾಡಬಹುದು. ತಂತ್ರಜ್ಞರು ಮಾಡುವ ಸಾಮಾನ್ಯ ಸರ್ವಿಸ್‌ನಲ್ಲಿ ಎರಡೂ ಘಟಕಗಳ ಸುರುಳಿಗಳನ್ನು ಒತ್ತಡದ ನೀರಿನಿಂದ ತೊಳೆಯುವುದು, ನೀರಿನ ಕೊಳವೆ ಶುಚಿಗೊಳಿಸುವುದು, ತಂತಿಗಳ ಬಿಗಿತ ಹಾಗೂ ಯಂತ್ರ ಎಳೆಯುವ ವಿದ್ಯುತ್ತನ್ನು ನೋಡುವುದು ಸೇರಿವೆ. ಒಂದು ಸ್ಪ್ಲಿಟ್ ಯಂತ್ರಕ್ಕೆ ಇದರ ಶುಲ್ಕ ಸಾಮಾನ್ಯವಾಗಿ 500ರಿಂದ 1,000 ರೂಪಾಯಿಯ ನಡುವೆ ಇರುತ್ತದೆ. ವರ್ಷಕ್ಕೆ ಎರಡು ಸರ್ವಿಸ್ ಎಂದರೆ 1,000ರಿಂದ 2,000 ರೂಪಾಯಿ. ಬಿಡಿಭಾಗ ಸೇರದ ವಾರ್ಷಿಕ ಒಪ್ಪಂದಗಳೂ ಹೆಚ್ಚುಕಡಿಮೆ ಈ ಮೊತ್ತದ ಆಸುಪಾಸಿನಲ್ಲೇ ಇರುವುದರಿಂದ, ಒಂದೇ ಯಂತ್ರವಿರುವ ಮನೆಗೆ ಅವುಗಳಿಂದ ವಿಶೇಷ ಉಳಿತಾಯವಿಲ್ಲ. ಬಿಡಿಭಾಗಗಳೂ ಸೇರಿದ ಒಪ್ಪಂದ ದುಬಾರಿ. ವಾರಂಟಿ ಮುಗಿದ ಹಳೆಯ ಯಂತ್ರಕ್ಕೆ ಮಾತ್ರ ಅದು ಪರಿಗಣನಾರ್ಹ.

ಮಂಗಳೂರಿನಿಂದ ಬಂಟ್ವಾಳ ಸುಮಾರು 25, ಮೂಡುಬಿದಿರೆ ಸುಮಾರು 35, ಬೆಳ್ತಂಗಡಿ ಸುಮಾರು 60 ಕಿಲೋಮೀಟರ್ ದೂರದಲ್ಲಿವೆ. ಕಂಪನಿಯ ತಂತ್ರಜ್ಞ ಮಂಗಳೂರಿನಿಂದ ಬರಬೇಕಾದಲ್ಲಿ ಪ್ರಯಾಣದ ಖರ್ಚು ಶುಲ್ಕಕ್ಕೆ ಸೇರುತ್ತದೆ. ಬಿ.ಸಿ.ರೋಡ್ ಅಥವಾ ಮೂಡುಬಿದಿರೆ ಪೇಟೆಯ ಮನೆಗೂ ಚಾರ್ಮಾಡಿಯ ಬುಡದ ಮನೆಗೂ ಒಂದೇ ಕೆಲಸಕ್ಕೆ ಬೇರೆ ಬೇರೆ ಬಿಲ್ಲು ಬರುವುದು ಇದರಿಂದಲೇ. ಒಂದೇ ಓಣಿಯ ಎರಡು ಮೂರು ಮನೆಯವರು ಒಟ್ಟಾಗಿ ಒಂದೇ ದಿನ ಕರೆಸಿದಲ್ಲಿ ಈ ಹೊರೆ ಹಂಚಿಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇಡಿಕೆ ಏರಿ ತಂತ್ರಜ್ಞರಿಗಾಗಿ ದಿನಗಟ್ಟಲೆ ಕಾಯಬೇಕಾಗುತ್ತದೆ. ಫೆಬ್ರವರಿಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಮಾಡಿಸುವುದು ಈ ಹವಾಗುಣಕ್ಕೆ ಹೊಂದುವ ಕ್ರಮ.

ಗ್ಯಾಸ್ ತುಂಬಿಸುವ ವೆಚ್ಚ

ನಿರ್ವಹಣೆಯಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ‘ಗ್ಯಾಸ್’ ಎಂದು ಕರೆಯಲಾಗುವ ಶೀತಕವು ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಗಳಲ್ಲಿ ದ್ರವವಾಗಿ, ಅನಿಲವಾಗಿ ಮಾರ್ಪಡುತ್ತಾ ಅದು ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೆಂಬ ಮಾತಿಗೆ ಆಧಾರವಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಸೋರಿಕೆ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಹೊರಹೋಗುತ್ತದೆ. ಸಂಪೂರ್ಣ ಭರ್ತಿಗೆ ಸಾಮಾನ್ಯವಾಗಿ 2,500 ರೂಪಾಯಿ ಅಥವಾ ಅದಕ್ಕೂ ಹೆಚ್ಚು ತಗಲುವುದರಿಂದ, ಒಂದು ಅನಗತ್ಯ ಭರ್ತಿಯ ಹಣದಲ್ಲಿ ವರ್ಷದ ಎರಡೂ ಸರ್ವಿಸ್ ಮುಗಿಯುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನು ನೀರಿನಿಂದ ಸೋರಿಕೆ ಪತ್ತೆಹಚ್ಚಿ, ಬೆಸುಗೆ ಹಾಕಿ, ನಿರ್ವಾತ ಪಂಪಿನಿಂದ ಗಾಳಿ ಮತ್ತು ತೇವ ಹೊರತೆಗೆದು, ಬಳಿಕ ಯಂತ್ರದ ಫಲಕದಲ್ಲಿ ಬರೆದಷ್ಟೇ ತೂಕದ ಗ್ಯಾಸ್ ತುಂಬಬೇಕು. ತಂಪು ಕಡಿಮೆಯಾದುದಕ್ಕೆ ಕೊಳೆಯಾದ ಸುರುಳಿಯೂ ಕಾರಣವಾಗಿರಬಹುದಾದ್ದರಿಂದ, ತೊಳೆಯುವ ಮುನ್ನವೇ ಗ್ಯಾಸ್ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಹಳೆಯ ಯಂತ್ರಗಳಲ್ಲಿ ಆರ್-22, ನಂತರದವುಗಳಲ್ಲಿ ಆರ್-410ಎ, ಈಗಿನ ಹಲವು ಯಂತ್ರಗಳಲ್ಲಿ ಆರ್-32 ಶೀತಕವಿದೆ. ಒಂದರ ಬದಲು ಇನ್ನೊಂದನ್ನು ತುಂಬುವಂತಿಲ್ಲ. ಓಝೋನ್ ಪದರಕ್ಕೆ ಹಾನಿಕರವಾದ ಆರ್-22ರ ಬಳಕೆಯನ್ನು ಮಾಂಟ್ರಿಯಲ್ ಒಪ್ಪಂದದಂತೆ ಭಾರತವು ಹಂತಹಂತವಾಗಿ ಕೈಬಿಡುತ್ತಿದೆ. ಆರ್-32 ಅಲ್ಪಪ್ರಮಾಣದಲ್ಲಿ ಉರಿಯುವ ಗುಣವುಳ್ಳದ್ದಾದ್ದರಿಂದ ಅದರ ಕೆಲಸ ತರಬೇತಿ ಪಡೆದವರಿಂದಲೇ ಆಗಬೇಕು.

ವಿದ್ಯುತ್ ಬಿಲ್ಲು

ಈ ತಾಲೂಕುಗಳಿಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ. ಒಂದೂವರೆ ಟನ್ನಿನ ಇನ್ವರ್ಟರ್ ಯಂತ್ರ ಗಂಟೆಗೆ ಸರಾಸರಿ 0.6 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ, ರಾತ್ರಿ 8 ಗಂಟೆಯಂತೆ ತಿಂಗಳಿಗೆ 144 ಯೂನಿಟ್ ಆಗುತ್ತದೆ. ಉಳಿದ ಬಳಕೆ 50 ಯೂನಿಟ್ ಇರುವ ಮನೆಯ ಒಟ್ಟು ಬಳಕೆ 194. ಕೊಳೆಯಿಂದಾಗಿ ಯಂತ್ರ ಶೇಕಡ 10ರಷ್ಟು ಹೆಚ್ಚು ಎಳೆದರೂ ಮೊತ್ತ 208ಕ್ಕೆ ಏರುತ್ತದೆ. 2023ರಲ್ಲಿ ಜಾರಿಯಾದ ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಈ 14 ಯೂನಿಟ್ ನಿರ್ಣಾಯಕ. ಹಿಂದಿನ ಸರಾಸರಿಯ ಆಧಾರದಲ್ಲಿ ನಿಗದಿಯಾದ ಉಚಿತ ಯೂನಿಟ್‌ಗಳನ್ನು ಮೀರಿದರೂ ಬಳಕೆ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಿದರೆ ಸಾಕು. 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಪಾವತಿಸಬೇಕು. ಸೆಕೆಗಾಲದ ಒಂದೆರಡು ತಿಂಗಳು ಹೀಗಾದರೆ, ಉಳಿಸಲು ಹೊರಟ ಸರ್ವಿಸ್ ಹಣ ಬಿಲ್ಲಿನಲ್ಲೇ ಹೋಗಬಹುದು.

ತಂತ್ರಜ್ಞರು ಮತ್ತು ತರಬೇತಿ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಶೀತಲೀಕರಣ ಮತ್ತು ಹವಾನಿಯಂತ್ರಣ ತಂತ್ರಜ್ಞರ ಎರಡು ವರ್ಷದ ತರಬೇತಿಯಿದೆ. ಸ್ವಉದ್ಯೋಗ ತರಬೇತಿಗಾಗಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮೂಲ ಬೆಳ್ತಂಗಡಿ ತಾಲೂಕಿನ ಉಜಿರೆ. ಅದರ ಮಾದರಿಯಲ್ಲಿ ದೇಶದಾದ್ಯಂತ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಸ್ಥಾಪನೆಯಾದವು.

ವಾರಂಟಿ ಮತ್ತು ದೂರು

ಹಲವು ಕಂಪನಿಗಳು ಕಂಪ್ರೆಸರಿಗೆ 10 ವರ್ಷದ ವಾರಂಟಿ ಘೋಷಿಸುತ್ತವೆ. ಆದರೆ ಮೊದಲ ವರ್ಷದ ನಂತರ ಗ್ಯಾಸ್, ಕೂಲಿ ಮತ್ತು ಪ್ರಯಾಣದ ವೆಚ್ಚ ಅದರಲ್ಲಿ ಸೇರದಿರುವುದೇ ಹೆಚ್ಚು. ಉಚಿತ ಕಂಪ್ರೆಸರ್ ಬದಲಾವಣೆಯೂ ಹೀಗೆ ಹಲವು ಸಾವಿರ ರೂಪಾಯಿಯ ಖರ್ಚಾಗಬಹುದು. ಮಾಡಿದ ಕೆಲಸ, ತುಂಬಿದ ಗ್ಯಾಸಿನ ಹೆಸರು ಹಾಗೂ ತೂಕವನ್ನು ನಮೂದಿಸಿದ ರಶೀದಿ ಇದ್ದಲ್ಲಿ ಮುಂದಿನ ವಿವಾದಕ್ಕೆ ಅದೇ ಸಾಕ್ಷ್ಯ. ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿನ ದೂರುಗಳಿಗೆ ಆಯೋಗದಲ್ಲಿ ಶುಲ್ಕವಿಲ್ಲ.